ತಲೆ ಎತ್ತದ ಮದುವಣಗಿತ್ತಿ

ಹಾನುಬಾಳಿನಲ್ಲಿ ಫೋಟೋ ಸ್ಟುಡಿಯೋ ನಡೆಸಬೇಕಾದರೆ ಮೊದಲು ತಾಳ್ಮೆ ಬೇಕು ಎಂದು ನನ್ನಪ್ಪ ಹೇಳುತ್ತಿದ್ದರು. ಅದೊಂದನ್ನು ಅವರು ನನಗೆ ಬಿಟ್ಟುಹೋಗಲಿಲ್ಲ. ಆಧಾರ್ ಕಾರ್ಡಿಗೆಂದು ಕೂತವರು ಎರಡನೇ ಸಲ ಕಣ್ಣು ಮುಚ್ಚಿದರೆ ಗದರಿಬಿಡುತ್ತೇನೆ. ಮದುವೆಗೆ ಮುಂಚಿನ ಫೋಟೋ ಎಂದು ಗುಡ್ಡದ ತುದಿಯಲ್ಲಿ ಒಬ್ಬರನ್ನೊಬ್ಬರು ಎತ್ತಿಕೊಳ್ಳಲು ಹೋಗಿ ಬೀಳುವ ಜೋಡಿಗಳಿಗೆ, ಕೈ ಕೊಟ್ಟು ಏಳಿಸುವ ಮೊದಲು ಒಂದು ಬೈಗುಳ ಗ್ಯಾರಂಟಿ. ಆದರೂ ಜನ ಬರುತ್ತಾರೆ, ಹತ್ತಿರದಲ್ಲಿ ಇನ್ನೊಂದು ಸ್ಟುಡಿಯೋ ಇಲ್ಲ ನೋಡಿ. ಬೋರ್ಡಿನ ಮೇಲೆ ಇವತ್ತಿಗೂ ಅಪ್ಪನ ಹೆಸರೇ ಇದೆ, ಶಫಿ ಸ್ಟುಡಿಯೋ. ಒಳಗೆ ಕೂತಿರುವವಳು ಮಗಳು ಜಬೀನ್, ಅಂದರೆ ನಾನು.

ಇದು ಹೊಟ್ಟೆಪಾಡಿನ ಮಾತಾಯಿತು. ನನ್ನ ಖುಷಿಗೆ ನಾನು ಮಾಡುವ ಚಿತ್ರಗಳು ಬೇರೆ. ಮೊದಲು ಕ್ಯಾಮೆರಾದಲ್ಲಿ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕುತ್ತೇನೆ. ಆ ಪ್ರಿಂಟನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು, ಜೇಡಿಮಣ್ಣಿನಲ್ಲೋ ರಟ್ಟಿನಲ್ಲೋ ಮಾಡಿದ ಬೊಂಬೆಗಳನ್ನು ಮುಂದಿಟ್ಟು ಮತ್ತೆ ಫೋಟೋ ತೆಗೆಯುತ್ತೇನೆ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ ಬೆಳಕು ನೆರಳು ಹೊಂದಿಸುತ್ತೇನೆ. ಕೊನೆಗೆ ಹೊರಬರುವುದು ಕನಸಿನಲ್ಲಿ ಮಾತ್ರ ಕಾಣಬಹುದಾದ ಒಂದು ಹಾನುಬಾಳು. ಊರವರು ಇದಕ್ಕೆ ‘ಜಬೀನಮ್ಮನ ತಲೆಕೆಟ್ಟ ಫೋಟೋ’ ಎಂದು ಹೆಸರಿಟ್ಟಿದ್ದಾರೆ. ಅಂಥದ್ದೊಂದು ಅಂಗಡಿಯ ಗೋಡೆಯ ಮೇಲಿದೆ: ಸಿಲ್ವರ್ ಓಕ್ ಮರದ ತುದಿಯಲ್ಲಿ ಗೂಡು, ಗೂಡಿನಲ್ಲಿ ಕಾವಿಗೆ ಕೂತ ಜೀಪು. ಜೀಪು ಓಡಿಸುವ ಬಸವರಾಜು ಅದರ ಮುಂದೆ ತುಂಬ ಹೊತ್ತು ನಿಂತು, “ಗಾಡಿ ಯಾರ್ದಮ್ಮ? ಅಷ್ಟೆತ್ರಕ್ಕೆ ಹೆಂಗೆ ಹತ್ತುಸ್ಬುಟ್ಟ?” ಎಂದು ಕೇಳಿದ. ಮೊಟ್ಟೆ ಇಡಲು ಅದೇ ಹತ್ತಿದ್ದು ಎಂದೆ. “ಅದ್ಕೆಲ್ಲ ಇನ್ಶೂರೆನ್ಸ್ ಕೊಡಕ್ಕಿಲ್ಲ ಬುಡಿ,” ಎಂದು ಮರುಕಪಟ್ಟು ಹೋದ.

ಕಾಫಿ ಕುಯ್ಲು ಮುಗಿದು ತೋಟದವರೆಲ್ಲ ಸ್ವಲ್ಪ ಕೈಕಾಲು ಚಾಚಿಕೊಂಡಿದ್ದ ದಿನಗಳು. ಒಂದು ಬೆಳಿಗ್ಗೆ ಲಿಂಗಪ್ಪಗೌಡರು ಬಂದರು. ಊರಾಚೆ ಸಣ್ಣ ಕಾಫಿ ತೋಟ ಇರುವವರು, ಎಪ್ಪತ್ತು ದಾಟಿದವರು, ಬಸ್ ಸ್ಟಾಂಡಿನಲ್ಲಿ ನಿಂತರೆ ಎರಡು ಬಸ್ಸು ತಪ್ಪಿಸಿಕೊಳ್ಳುವಷ್ಟು ಮಾತುಗಾರರು. ಟವೆಲಿನಲ್ಲಿ ಸುತ್ತಿದ್ದ ಒಂದು ಫ್ರೇಮನ್ನು ಕೌಂಟರಿನ ಮೇಲಿಟ್ಟು, “ಇದು ನಿಮ್ಮಪ್ಪ ತೆಗ್ದಿದ್ದು. ರಿಪೇರಿ ನಿನ್ ಲೆಕ್ಕ,” ಎಂದರು.

ಅವರ ಮದುವೆಯ ಫೋಟೋ. ಅಪ್ಪ ಆಗಷ್ಟೇ ಕ್ಯಾಮೆರಾ ಕೊಂಡಿದ್ದ ಕಾಲದ್ದು, ರೀಲಿನಲ್ಲಿ ಉಳಿದಿದ್ದ ಕೊನೆಯ ಫೋಟೋ ಅಂತೆ. ಗಂಡು ಹಣೆಗೆ ಬಾಸಿಂಗ ಕಟ್ಟಿಕೊಂಡು ಎದೆ ಸೆಟೆಸಿ ಕೂತಿದ್ದಾರೆ. ಪಕ್ಕದಲ್ಲಿ ಹೆಣ್ಣು. ಹೆಣ್ಣು ಎಂಬುದನ್ನು ಸೀರೆ ನೋಡಿಯೇ ಹೇಳಬೇಕು, ಏಕೆಂದರೆ ತಲೆ ಪೂರ್ತಿ ಬಗ್ಗಿದೆ. ಕಾಣುವುದು ಬೈತಲೆ, ಮುಡಿದ ಹೂವು, ಬಾಸಿಂಗದ ಮೇಲ್ತುದಿ. ಮುಖದ ಸುಳಿವೇ ಇಲ್ಲ.

“ನಿಮ್ಮಪ್ಪ ಬಡ್ಕೊಂಡ, ಒಂಚೂರು ತಲೆ ಎತ್ತವ್ವ ಅಂತ. ಇವ್ಳ ಸೋದರತ್ತೆ ಪಕ್ಕದಾಗೇ ನಿಂತಿದ್ಲು, ಎತ್ತಿದ್ರೆ ಕತ್ತು ಮುರೀತೀನಿ ಅನ್ನೋ ಹಂಗೆ. ಆಗ ಹೆಣ್ಣು ತಲೆ ಎತ್ತಿದ್ರೆ ಗಂಡುಬೀರಿ ಅಂದ್ಬುಡೋರು ಕಣಮ್ಮ.”

“ಈಗೇನು ಮಾಡ್ಬೇಕು ಗೌಡ್ರೆ?”

“ಆ ತಲೆ ಎತ್ತುಸ್ಬೇಕು.”

ಮುಂದಿನ ತಿಂಗಳಿಗೆ ಅವರ ಮದುವೆಯಾಗಿ ಐವತ್ತು ವರ್ಷ. ಮಗ ನಟರಾಜ್, ಮನೆ ಮುಂದಿನ ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿಸಿ ನೆಂಟರಿಷ್ಟರಿಗೆಲ್ಲ ಊಟ ಹಾಕಿಸುವವನಿದ್ದ. ಅವತ್ತು ಈ ಫೋಟೋವನ್ನು, ಹೆಣ್ಣಿನ ಮುಖ ಕಾಣುವ ಹಾಗೆ ಮಾಡಿ, ದೊಡ್ಡದಾಗಿ ನಿಲ್ಲಿಸಬೇಕು. ಆಮೇಲೆ ಅದು ನಡುಮನೆಯ ಗೋಡೆಗೆ ಹೋಗುತ್ತದೆ.

“ಅವ್ರದ್ದು ಆಗಿನ ಕಾಲದ್ದು ಬೇರೆ ಫೋಟೋ ಐತಾ?” ಎಂದೆ. ಇರಲಿಲ್ಲ. ಗೌಡರ ಹೆಂಡತಿ ಚೆಲುವಮ್ಮನವರು ಅದಾದ ಮೇಲೆ ಕ್ಯಾಮೆರಾ ಕಂಡದ್ದು ವೋಟರ್ ಕಾರ್ಡಿಗೆ, ಅಷ್ಟೊತ್ತಿಗೆ ಮೂರು ಮಕ್ಕಳ ತಾಯಿ. ಗೌಡರು ಅದನ್ನೂ ತಂದಿದ್ದರು. ಒಂದು ಕಪ್ಪು ಮಚ್ಚೆ, ಮಚ್ಚೆಯೊಳಗೆ ಎರಡು ಬಿಳಿ ಚುಕ್ಕಿ. ಆ ಕಾರ್ಡು ತೋರಿಸಿ ಹೋಬಳಿಯ ಯಾವ ಹೆಂಗಸು ಬೇಕಾದರೂ ವೋಟು ಹಾಕಿ ಬರಬಹುದಿತ್ತು.

“ಹೋಗ್ಲಿ, ನೀವು ನೋಡಿದೀರಲ್ಲ. ಆಗ ಹೆಂಗಿದ್ರು?”

“ಲಕ್ಷಣವಾಗಿದ್ಲು.”

“ಅದು ಸರಿ. ಕಣ್ಣು?”

“ಎರಡೂ ಚೆನ್ನಾಗಿದ್ವು.”

“ಮೂಗು?”

ಗೌಡರು ಯೋಚಿಸಿ, “ಇತ್ತು,” ಎಂದರು. ಮೆಣಸು ಕುಯ್ಯುವವರು ಬಂದು ಕಾಯುತ್ತಿರುತ್ತಾರೆ ಎಂದು ನೆಪ ಹೇಳಿ ಎದ್ದುಬಿಟ್ಟರು.

ಒಂದು ವಾರ ಒದ್ದಾಡಿದೆ. ಈಗಿನ ಚೆಲುವಮ್ಮನವರ ಫೋಟೋ ತರಿಸಿಕೊಂಡು ಸುಕ್ಕು ಒರೆಸಿದೆ, ಇಸ್ತ್ರಿ ಮಾಡಿದ ಬಟ್ಟೆಯ ಹಾಗಾಯಿತು. ಮೊಮ್ಮಗಳು ಚೈತ್ರಶ್ರೀಯ ಮೂಗು, ಗಲ್ಲ ತಂದು ಕೂರಿಸಿದೆ. ಯಾರ ಮನೆಗೂ ಸೇರದ ಒಬ್ಬ ಹುಡುಗಿ ಸ್ಕ್ರೀನಿನೊಳಗಿಂದ ನನ್ನನ್ನೇ ದುರುಗುಟ್ಟಿ ನೋಡಿದಳು. ಹೀಗಿರುವಾಗ, ಹಾಸನದಲ್ಲಿ ಡಿಗ್ರಿ ಓದುವ ಅದೇ ಚೈತ್ರಶ್ರೀ ಫೋನ್ ಮಾಡಿದಳು. “ಜಬೀನಕ್ಕ, ನೀವಿನ್ನು ತಲೆ ಕೆಡಿಸ್ಕೋಬೇಡಿ. ಆ ಫೋಟೋನ ಎಐಗೆ ಹಾಕ್ದೆ. ಅರ್ಧ ನಿಮಿಷದಲ್ಲಿ ಅಜ್ಜಿ ತಲೆ ಎತ್ತಿಸ್ಕೊಡ್ತು!”

ಕಳಿಸಿದ್ದನ್ನು ತೆರೆದು ನೋಡಿದೆ. ಮದುಮಗಳು ತಲೆ ಎತ್ತಿದ್ದಳು, ನಿಜ. ಹಾಲಿನ ಬಣ್ಣದ ಕೆನ್ನೆ, ತಿದ್ದಿದ ಹುಬ್ಬು, ಐವತ್ತು ವರ್ಷದ ಹಿಂದೆ ಹಾನುಬಾಳಿನ ದಾರಿಯೇ ಗೊತ್ತಿರದಿದ್ದ ಲಿಪ್‌ಸ್ಟಿಕ್. ಯಾವುದೋ ಸಿನಿಮಾ ಪೋಸ್ಟರಿನಿಂದ ಇಳಿದು, ದಾರಿ ತಪ್ಪಿ, ಲಿಂಗಪ್ಪಗೌಡರ ಪಕ್ಕ ಕೂತುಬಿಟ್ಟಿದ್ದಳು. ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಹಾರ್ಟುಗಳ ಸುರಿಮಳೆಯಂತೆ. ನಟರಾಜ್ ಆಗಲೇ ಫ್ಲೆಕ್ಸಿಗೆ ಕೊಟ್ಟಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಯಂತ್ರದ ಮೇಲೆ ನನಗೆ ಹಗೆಯಿಲ್ಲ, ನಾನೂ ಕಂಪ್ಯೂಟರಿನ ಅನ್ನ ತಿನ್ನುವವಳೇ. ಆದರೆ ಅಷ್ಟು ಸಲೀಸಾಗಿ, ಮುಖದ ಮೇಲೆಯೇ ಸುಳ್ಳು ಹೇಳಿದರೆ ಕೋಪ ಬರುತ್ತದೆ. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು, ಇಲ್ಲವೆನ್ನಲಾರೆ.

ಮಾರನೇ ದಿನ ಬೆಳಗಿನ ಬಸ್ಸಿಗೆ ಚೆಲುವಮ್ಮನವರೇ ಬಂದಿಳಿದರು. ಒಬ್ಬರೇ. ಸೀದಾ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ನನ್ನ ಬಾಟಲಿಯ ನೀರನ್ನು ಎತ್ತಿ ಕುಡಿದು, “ಯಾವಳೇ ಅವ್ಳು?” ಎಂದರು.

“ಯಾರಮ್ಮ?”

“ನನ್ ಗಂಡನ್ ಪಕ್ಕ ಕೂತವ್ಳಲ್ಲ, ತುಟಿಗೆ ಬಣ್ಣ ಬಳ್ಕಂಡು. ಮನೇರೆಲ್ಲ ಅಜ್ಜಿ ಅಜ್ಜಿ ಅಂತ ಕುಣೀತಾವ್ರೆ. ಆ ಮೂಗು ನಂದಲ್ಲ, ಕಣ್ಣು ನಂದಲ್ಲ. ಹೇಳಿದ್ರೆ, ನಿಂಗೆ ನೆನಪಿಲ್ಲ ಬುಡಜ್ಜಿ ಅಂತಾಳೆ ಮೊಮ್ಮಗಳು.”

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

“ನಗ್ಬೇಡ ಮಗಾ. ನಾನಿರೋಗಂಟ ಸರಿ, ಇವ್ಳು ನಾನಲ್ಲ ಅಂತ ಜಗಳ ಆಡ್ತೀನಿ. ನಾನು ಹೋದ್ಮೇಲೆ? ಮುಂದೆ ಹುಟ್ಟೋ ಮಕ್ಳು ಅವ್ಳಿಗೇ ಹೂ ಮುಡುಸ್ತವೆ, ಅವ್ಳಿಗೇ ಕೈ ಮುಗೀತವೆ. ನಾನು ಆ ಮನೇಲಿ ಬಾಳೇ ಇಲ್ಲ ಅನ್ನಂಗಾಯ್ತದೆ. ಆ ಫ್ಲೆಕ್ಸೇ ಕಟ್ಟೋದಾದ್ರೆ ನಾನು ಅವತ್ತು ಹಸೆ ಮೇಲೆ ಕೂರಕ್ಕಿಲ್ಲ. ಪಾಳ್ಯಕ್ಕೆ, ನನ್ ತಮ್ಮನ ಮನೆಗೆ ಹೊಂಟೋಯ್ತೀನಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂದು ವಾರದಿಂದ ನಾನು ಮಾಡುತ್ತಿದ್ದದ್ದೂ ಅದೇ ಕೆಲಸ, ಸ್ವಲ್ಪ ನಿಧಾನವಾಗಿ, ಅಷ್ಟೇ ವ್ಯತ್ಯಾಸ. ಕಳೆದುಹೋದ ಮುಖ ಯಾರದೋ ಅವರನ್ನು ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ನೀವೇ ಹೇಳಿ ಅಮ್ಮ. ಮದ್ವೆ ದಿನ ಏನೇನು ನೋಡಿದ್ರಿ?”

“ಕಾಲು.”

“ಏನು?”

“ಕಾಲು ಕಣವ್ವ. ತಲೆ ಬಗ್ಸಿದ್ರೆ ಇನ್ನೇನು ಕಾಣುತ್ತೆ?”

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಮಾವನ ಹೆಬ್ಬೆರಳ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಅತ್ತೆಯ ಬಲಗಾಲಿನ ಕಾಲುಂಗುರ ಯಾವಾಗಲೂ ಒಂದು ಕಡೆಗೆ ತಿರುಗಿರುತ್ತಿತ್ತು. ಪುರೋಹಿತರ ಹಿಮ್ಮಡಿಯ ಬಿರುಕಿನಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಗಂಡನಾಗುವವನ ಎಡಗಾಲಿನ ಒಂದು ಉಗುರು ಗುದ್ದಲಿ ಏಟಿಗೆ ಕಪ್ಪಾಗಿತ್ತು. ಗಂಡನ ಮನೆಗೆ ಬಂದ ಮೇಲೂ ತಲೆ ಎತ್ತುವಂತಿರಲಿಲ್ಲ, ಹಾಗಾಗಿ ಎಷ್ಟೋ ದಿನ ಎಲ್ಲರನ್ನೂ ಕಾಲು ನೋಡಿಯೇ ಗುರುತು ಹಿಡಿಯುತ್ತಿದ್ದರಂತೆ.

“ಒಂದಿನ ನನ್ ಮೈದ ಸೋಮಯ್ಯ ಅವ್ರಣ್ಣನ ಮೆಟ್ಟು ಹಾಕ್ಕಂಡು ಜಗಲಿ ಮೇಲೆ ಕೂತಿದ್ದ, ಕಳ್ಳ ನನ್ಮಗ. ಗಂಡ ಅಂದ್ಕಂಡು ಕಾಫಿ ತಂದ್ಕೊಟ್ಟು, ಬೆಲ್ಲ ಸಾಕಾ ಅಂತ ಮೆತ್ತಗೆ ಕೇಳ್ದೆ. ಕುಡ್ದು ಲೋಟ ಕೊಟ್ಟ ಮೇಲೆ, ಸಾಕು ಅತ್ಗೆ ಅಂದ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿ ಒಳಗೆ ಇಣುಕಿದ, ಇನ್ನೊಂದು ಸ್ವಲ್ಪ ಕಾಯಿ ಎಂದು ಗದರಿದೆ.

“ಅವತ್ತು ಮುಖ ಅಂತ ಕಂಡಿದ್ದು ಒಂದೇ,” ಎಂದರು ಚೆಲುವಮ್ಮನವರು, ನಗು ನಿಂತ ಮೇಲೆ. “ಧಾರೆ ಎರೆಯೋವಾಗ ಕೈ ಕೆಳಗೆ ಹರಿವಾಣ ಇಟ್ಟಿದ್ರು. ಅದ್ರಾಗೆ ನೀರು ತುಂಬ್ಕಂತು. ನೀರೊಳಗೆ ನಾನು, ಬಾಸಿಂಗ ಕಟ್ಕಂಡು, ಮೂಗ್ಬಟ್ಟು ಇಟ್ಕಂಡು. ಚೆನ್ನಾಗಿದ್ದೆ ಕಣೇ. ಅಷ್ಟು ಜನದಾಗೆ ನನ್ ಮುಖ ನೋಡ್ದೋಳು ನಾನೊಬ್ಳೇ.”

ಏನು ಮಾಡಬೇಕೆಂದು ಆ ಕ್ಷಣಕ್ಕೇ ಗೊತ್ತಾಗಿಹೋಯಿತು. ಅದೇ ಹರಿವಾಣ ಈಗ ಎಲ್ಲಿದೆ ಎಂದು ಕೇಳಿದೆ.

“ಐತಲ್ಲ. ಕೋಳಿಗೆ ನುಚ್ಚು ಹಾಕ್ತೀನಿ.”

ಎರಡು ದಿನ ಬಿಟ್ಟು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹರಿವಾಣ ಚೀಲದಲ್ಲಿ ಬಂತು. ಅಷ್ಟರಲ್ಲಿ ನಾನು ಬೆಂಡು, ಚಿನ್ನದ ಬಣ್ಣದ ಕಾಗದ ತಂದು ಹಳೇ ಫೋಟೋದಲ್ಲಿದ್ದಂಥದ್ದೇ ಬಾಸಿಂಗ ಕಟ್ಟಿದ್ದೆ. ಬಾಗಿಲ ಬೆಳಕು ಬೀಳುವ ಕಡೆ ಹರಿವಾಣ ಇಟ್ಟು, ನೀರು ತುಂಬಿಸಿ, ಚೆಲುವಮ್ಮನವರ ಹಣೆಗೆ ಆ ಬಾಸಿಂಗ ತೊಡಿಸಿ ಅದರ ಮೇಲೆ ಬಗ್ಗಿಸಿ, ನಾನು ಪಕ್ಕದಲ್ಲಿ ಸ್ಟೂಲ್ ಹತ್ತಿದೆ. ನೀರಿನಲ್ಲಿ ಮುಖ ಬಂತು. ಕನ್ನಡಿಯಲ್ಲಿ ಕಂಡಷ್ಟೇ ಸ್ಪಷ್ಟವಾಗಿ, ಅರವತ್ತೆಂಟರ ಮುಖ. ನನಗೆ ನಿರಾಸೆಯಾಯಿತು. ಕೋನ ಬದಲಿಸೋಣವೆಂದು ಇಳಿಯುವಾಗ ನನ್ನ ಕಾಲು ಹರಿವಾಣದ ಅಂಚಿಗೆ ತಾಗಿತು.

ನೀರು ಅಲುಗಿತು. ಆ ಅಲೆಗಳಲ್ಲಿ ಸುಕ್ಕು ಯಾವುದು, ನೀರಿನ ಗೆರೆ ಯಾವುದು ಎಂದು ಹೇಳಲು ಬರುವಂತಿರಲಿಲ್ಲ. ಕಣ್ಣು ಅವರದೇ, ಮೂಗು ಅವರದೇ, ತುಟಿ ಅವರದೇ, ವಯಸ್ಸೊಂದು ಎಲ್ಲೋ ಹೊರಟುಹೋಗಿತ್ತು. “ಅಲುಗ್ಬೇಡಿ ಅಮ್ಮ!” ಎಂದು ಕಿರುಚಿ ಕ್ಲಿಕ್ಕಿಸತೊಡಗಿದೆ. ಖುಷಿಗೆ ಹಿಂದೆ ಸರಿದು ಲೈಟಿನ ಸ್ಟ್ಯಾಂಡಿಗೆ ತಲೆ ಬಡಿಸಿಕೊಂಡೆ, ಅದೂ ಗೊತ್ತಾಗಲಿಲ್ಲ.

ಆಮೇಲಿನದು ಕೈಕೆಲಸ. ಗದ್ದೆಯ ಜೇಡಿಮಣ್ಣು ತರಿಸಿ ಕಾಲುಗಳನ್ನು, ಜೊತೆಗೆ ಗೌಡರ ಆ ಮೆಟ್ಟುಗಳನ್ನೂ ಮಾಡಿದೆ. ಚೆಲುವಮ್ಮನವರು ಸಂತೆಯ ನೆಪದಲ್ಲಿ ಬಂದು ಕೂತು, “ಮಾವನ ಗಂಟು ಇನ್ನೂ ದೊಡ್ಡದು,” “ಅತ್ತೆ ಬೆರಳು ಇಷ್ಟು ನೀಟಾಗಿರ್ಲಿಲ್ಲ,” ಎಂದು ತಿದ್ದಿಸುತ್ತಿದ್ದರು. ಗೌಡರಿಗೆ ಮಾತ್ರ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡರು, ಅವರ ಬಾಯಲ್ಲಿ ಯಾವುದೂ ನಿಲ್ಲುವುದಿಲ್ಲವಂತೆ. ಕಾಲುಗಳ ಫೋಟೋ ತೆಗೆದು, ಪ್ರಿಂಟಿನ ಮೇಲೆ ಪಂಚೆಯ ಅಂಚುಗಳನ್ನು ಜರಿ ದಾರದಲ್ಲಿ ಹೊಲಿದೆ. ನೀರಿನ ಅಲೆಗಳಿಗೆ ಬೆಳ್ಳಿ ದಾರ ಹಾಕಿದೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಜರಡಿಯಾಯಿತು. ಕೊನೆಗೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಒಂದುಗೂಡಿಸಿದೆ.

ಚಿತ್ರದಲ್ಲಿ ನೋಡಿ, ಸುತ್ತಲೂ ಕಾಲುಗಳು, ಸಿಲ್ವರ್ ಓಕ್ ಮರಗಳಷ್ಟು ಎತ್ತರ, ಮೊಣಕಾಲಿನಿಂದ ಮೇಲೆ ಬಿಸ್ಲೆ ಘಾಟಿಯ ಮಂಜಿನಲ್ಲಿ ಮಾಯ. ನಡುವೆ ಗದ್ದೆಯಷ್ಟು ಅಗಲದ ಹರಿವಾಣ. ಅದರ ಅಂಚಿನಲ್ಲಿ, ಅಪ್ಪ ತೆಗೆದ ಫೋಟೋದ ಹುಡುಗಿ, ತಲೆ ಬಗ್ಗಿಸಿಕೊಂಡು, ಪುಟ್ಟದಾಗಿ ಕೂತಿದ್ದಾಳೆ. ಆ ತಲೆಯನ್ನು ನಾನು ಒಂದು ಕೂದಲಷ್ಟೂ ಎತ್ತಲಿಲ್ಲ. ನೀರೊಳಗಿಂದ ಅವಳದೇ ಮುಖ, ಅವಳಿಗಿಂತ ಹತ್ತು ಪಾಲು ದೊಡ್ಡದಾಗಿ, ಅವಳನ್ನು ನೋಡುತ್ತಿದೆ. ನಾನು ಮಾಡಿದ ತಲೆಕೆಟ್ಟ ಫೋಟೋಗಳಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ಮನೆಯವರು ಒಪ್ಪುತ್ತಾರೆಂಬ ಧೈರ್ಯ ಮಾತ್ರ ಇರಲಿಲ್ಲ.

ಸಮಾರಂಭದ ದಿನ ಚಿತ್ರಕ್ಕೆ ಬೆಡ್‌ಶೀಟ್ ಸುತ್ತಿ, ಬಸವರಾಜುವಿನ ಜೀಪಿನಲ್ಲಿಟ್ಟುಕೊಂಡು ಹೋದೆ. ಶಾಮಿಯಾನದ ಬಾಗಿಲಲ್ಲೇ ಲಿಪ್‌ಸ್ಟಿಕ್ಕಿನವಳು ಫ್ಲೆಕ್ಸಿನ ಮೇಲೆ ನಗುತ್ತಿದ್ದಳು. ಹಸೆಯ ಮೇಲೆ ಗೌಡರು ಒಬ್ಬರೇ ಕೂತು ಅಡುಗೆಮನೆಯ ಕಡೆ ಕತ್ತು ಚಾಚುತ್ತಿದ್ದರು. ಚೆಲುವಮ್ಮನವರು ಹೊಸ ಸೀರೆ ಉಟ್ಟುಕೊಂಡು, ಬ್ಯಾಗು ತುಂಬಿಸಿಕೊಂಡು, ಹಿತ್ತಿಲ ಬಾಗಿಲ ಹತ್ತಿರ ಕೂತಿದ್ದರು. ಯಾರು ಕರೆದರೂ ಏಳುತ್ತಿಲ್ಲವಂತೆ. ನಾನು ಕಣದ ನಡುವೆ ಕುರ್ಚಿಯ ಮೇಲೆ ಚಿತ್ರ ನಿಲ್ಲಿಸಿ ಬೆಡ್‌ಶೀಟ್ ಎಳೆದೆ.

“ಏನ್ ಜಬೀನಮ್ಮ, ಇವತ್ತೂ ತಲೆಕೆಟ್ಟ ಫೋಟೋನಾ?” ಎಂದ ನಟರಾಜ್. ನನ್ನ ನಾಲಿಗೆಯ ತುದಿಗೆ ಒಳ್ಳೆಯ ಬೈಗುಳವೇ ಬಂದಿತ್ತು. ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕರು ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು ಚಿತ್ರಕ್ಕೆ ಮೂಗು ತಾಗಿಸಿದರು.

“ಲೋ, ಇದು ನಮ್ಮಪ್ಪನ ಕಾಲು ಕಣ್ರೋ! ಗಂಟು ನೋಡ್ರೋ!”

ಅವರೇ ಸೋಮಯ್ಯ. ಅಲ್ಲಿಂದ ಶುರುವಾಯಿತು. ಅತ್ತೆಯ ಕಾಲುಂಗುರವನ್ನು ಯಾರೋ ಗುರುತು ಹಿಡಿದರು, ಇನ್ಯಾರೋ ಪುರೋಹಿತರ ಹಿಮ್ಮಡಿಯನ್ನು. ಹಳಬರೆಲ್ಲ ಊಟದ ಎಲೆ ಬಿಟ್ಟು ಎದ್ದು ಬಂದು ಸುತ್ತುವರಿದರು. ಸೋಮಯ್ಯನವರು ಒಂದು ಜೊತೆ ಮೆಟ್ಟಿನ ಮುಂದೆ ನಿಂತು, ಏನೋ ನೆನಪಾಗಿ, ಮೆಲ್ಲಗೆ ಹಿಂದೆ ಸರಿದರು. ಗದ್ದಲ ಕೇಳಿ ಗೌಡರೂ ಹಸೆಯಿಂದ ಇಳಿದು ಬಂದರು. ಅವರು ಕಾಲುಗಳನ್ನು ನೋಡಲಿಲ್ಲ. ನೇರವಾಗಿ ಹರಿವಾಣದೊಳಕ್ಕೆ ನೋಡಿದರು.

“ಇವ್ಳೇ,” ಎಂದರು.

ಮತ್ತೆ ನೋಡಿದರು. “ಇವ್ಳೇ ಕಣೋ. ನಟರಾಜ, ಇಳ್ಸೋ ಆ ಫ್ಲೆಕ್ಸ್‌ನ. ಮೆಣಸು ಒಣಗುಸ್ಕಾದ್ರೂ ಆಯ್ತದೆ.”

“ನೀವೂ ಅವತ್ತು ಮುಖ ನೋಡಿರ್ಲಿಲ್ವಲ್ಲ ತಾತ,” ಎಂದಳು ಚೈತ್ರಶ್ರೀ. “ಇದೇ ಅಂತ ಹೆಂಗೆ ಗೊತ್ತು?”

“ನೋಡಿದ್ದೆ. ಧಾರೆ ನೀರ್ನಾಗೆ. ಎದ್ರುಗೇ ನಿಂತಿದ್ನಲ್ಲ, ನಾನೂ ತಲೆ ಬಗ್ಸಿದ್ದೆ.” ಗೌಡರ ಕಿವಿ ಕೆಂಪಾಯಿತು. ಹೇಳಲೋ ಬೇಡವೋ ಎಂದು ಸುತ್ತ ನೋಡಿದರು. ಆಮೇಲೆ ತಡೆದುಕೊಳ್ಳಲಾಗದೆ ಹೇಳಿಯೇಬಿಟ್ಟರು. “ಇವ್ಳು ನಾಲ್ಗೆ ಚಾಚಿದ್ಲು ಕಣ್ರೋ! ಯಾರೂ ನೋಡ್ತಿಲ್ಲ ಅಂದ್ಕಂಡು, ನೀರೊಳಗಿದ್ದ ತನ್ ಮುಖಕ್ಕೆ ತಾನೇ ಇಷ್ಟುದ್ದ ನಾಲ್ಗೆ ಚಾಚಿದ್ಲು. ನಂಗೆ ನಗು ಬಂದು ಪುರೋಹಿತ್ರ ಕೈಲಿ ಬೈಸ್ಕಂಡೆ. ಅವತ್ತೇ ಅನ್ಕಂಡೆ, ಇವ್ಳ ಜೊತೆ ಬಾಳಿದ್ರೆ ಬೇಜಾರಾಗಕ್ಕಿಲ್ಲ ಅಂತ.”

ಅಷ್ಟರಲ್ಲಿ ಚೆಲುವಮ್ಮನವರು ಬ್ಯಾಗು ಹಿಡಿದು ಮನೆಯ ಮುಂಬಾಗಿಲಿಗೆ ಬಂದು ನಿಂತಿದ್ದರು. ಎಲ್ಲವನ್ನೂ ಹೇಳಿದ್ದವರು ನನಗೆ ಇದೊಂದನ್ನು ಹೇಳಿರಲಿಲ್ಲ. ಮುಖದಲ್ಲಿ ನಾಚಿಕೆ, ಕೋಪ, ಅಳು ಎಲ್ಲ ಒಟ್ಟಿಗೇ ಇತ್ತು.

“ನೋಡಿದ್ರಾ?” ಎಂದರು. “ಐವತ್ತು ವರ್ಷ ಹೊಟ್ಟೇಲಿಟ್ಕಂಡು ಕೂತಿದ್ರಾ?”

“ಹೇಳಿದ್ರೆ ನಾಚ್ಕಂಡು ಬುಟ್ಬುಡ್ತಿದ್ದೆ ನೀನು. ಈಗ್ಲೂ ನೀರಿನ ತೊಟ್ಟಿ ಬಗ್ಗಿ ನೋಡೋವಾಗೆಲ್ಲ ಚಾಚ್ತೀಯಲ್ಲ. ದಿನಾ ನೋಡ್ತೀನಿ.”

ಚೆಲುವಮ್ಮನವರು ಬ್ಯಾಗನ್ನು ಮೊಮ್ಮಗಳ ಕೈಗೆ ಕೊಟ್ಟು, ನಡೆದು ಬಂದು ಚಿತ್ರದ ಮುಂದೆ ನಿಂತರು. ನೀರೊಳಗಿನ ಮುಖವನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

“ತಪ್ಪಾಗ್ಬುಟ್ಟೈತೆ ಮಗಾ. ಇದ್ರಾಗೆ ನಾಲ್ಗೆ ಇಲ್ಲ. ಕ್ಯಾಮ್ರಾ ತಗಿ.”

ಹೋಗಿ ಹಸೆಯ ಮೇಲೆ ಗಂಡನ ಜಾಗದ ಪಕ್ಕ ಕೂತು, ಸೆರಗು ಸರಿಮಾಡಿಕೊಂಡರು. ನಾನು ಕ್ಯಾಮೆರಾ ಎತ್ತಿದೆ. ಅವರು ನೇರವಾಗಿ ಲೆನ್ಸಿನೊಳಕ್ಕೆ ನೋಡಿ, ಅಷ್ಟು ಜನ ನೆಂಟರ ಎದುರಿಗೆ, ಉದ್ದಕ್ಕೆ ನಾಲಿಗೆ ಚಾಚಿದರು.